ಗಲ್ಲಿಯಾಚೆಗಿನ ನಂಬಿಕೆ

ಸುಖ ಒಬ್ಬೊಬ್ಬರ ಒಳಗೆ ಹುಟ್ಟುವುದೋ, ನಾಲ್ಕು ಜನರ ನಡುವೆ ಹುಟ್ಟುವುದೋ ಎಂಬ ಪ್ರಶ್ನೆಗೆ ಭಾರತೀಯ ಚಿಂತನೆ ಒಂದೇ ಉತ್ತರ ಕೊಟ್ಟಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಮನೆ ಬಿಟ್ಟು ಹೊರಟ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ಮಾತು ಖಡಾಖಂಡಿತವಾಗಿದೆ: ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ ಪ್ರಿಯರಾಗುವುದು ಅವರಿಗಾಗಿ ಅಲ್ಲ, ಆತ್ಮಕ್ಕಾಗಿ. ಪಾಳಿ ಭಾಷೆಯ ಒಂದು ಬೌದ್ಧ ಸುತ್ತದಲ್ಲಿ ಶಿಷ್ಯ ಆನಂದ ಬುದ್ಧನ ಬಳಿ ಬಂದು, ಒಳ್ಳೆಯ ಗೆಳೆತನವೆಂದರೆ ಸಾಧನೆಯ ಅರ್ಧ ಪಾಲು ಎನ್ನುತ್ತಾನೆ. ಬುದ್ಧ ಅವನನ್ನು ತಿದ್ದುತ್ತಾನೆ. ಅರ್ಧವಲ್ಲ, ಪೂರ್ತಿ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹಿಡಿದದ್ದು ಈ ಎರಡನೆಯ ದಾರಿಯನ್ನು. ಸಂಗ, ಕಾಯಕ, ದಾಸೋಹ ಮೂರೂ ಒಬ್ಬಂಟಿಯಾಗಿ ಮಾಡಲಾಗದ ಕೆಲಸಗಳು. ಆದರೆ ಸಂಗ ಎಲ್ಲಿಯವರೆಗೆ ಎಂಬ ಪ್ರಶ್ನೆ ಅಲ್ಲೇ ಎದ್ದಿತು. ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾದಾಗ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು, ಕಲ್ಯಾಣವೇ ಚೆದುರಿತು ಎಂದು ಶರಣ ಪರಂಪರೆ ಹೇಳುತ್ತದೆ. ಒಟ್ಟಿಗೆ ಕೂತು ಅನುಭಾವ ನಡೆಸುವುದನ್ನು ಸಹಿಸಿಕೊಂಡಿದ್ದ ಸಮಾಜ ನಂಟಸ್ತನವನ್ನು ಸಹಿಸಲಿಲ್ಲ. ಆ ಊರು ಇಂದಿನ ಬಸವಕಲ್ಯಾಣ, ಹೈದರಾಬಾದಿನಿಂದ ಮುಂಬೈಗೆ ಹೋಗುವ ಹೆದ್ದಾರಿಯಿಂದ ಅಷ್ಟು ದೂರವಿಲ್ಲ.

ಇತ್ತೀಚಿನ ಸಮಾಜವಿಜ್ಞಾನ ಅಳತೆಪಟ್ಟಿ ಹಿಡಿದು ಹೊರಟು ಬಹುಮಟ್ಟಿಗೆ ಬುದ್ಧನ ಹತ್ತಿರವೇ ಬಂದು ನಿಂತಿದೆ. 1938ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ಅಧ್ಯಯನ 724 ಗಂಡಸರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿತು. ಐವತ್ತರ ವಯಸ್ಸಿನಲ್ಲಿ ಸಂಬಂಧಗಳು ಚೆನ್ನಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅದರ ಹೆಸರಾಂತ ಫಲಿತಾಂಶ. 2025ರ ವಿಶ್ವ ಸಂತೋಷ ವರದಿ ಕಳೆದುಹೋದ ಪರ್ಸಿನ ಪ್ರಶ್ನೆಯನ್ನು ಎತ್ತಿಕೊಂಡಿತು. ಪರ್ಸು ಬಿದ್ದುಹೋದರೆ ಯಾರಾದರೂ ತಂದುಕೊಟ್ಟಾರು ಎಂದು ನಂಬುವವರು ಹೆಚ್ಚು ನೆಮ್ಮದಿಯಾಗಿರುತ್ತಾರೆ. ಪರ್ಸುಗಳು ಜನ ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಹಿಂದಿರುಗುತ್ತವೆ. ಆ ವರದಿಯ 147 ದೇಶಗಳ ಪಟ್ಟಿಯಲ್ಲಿ ಭಾರತದ ಸ್ಥಾನ 118. ಇಂಥ ಪಟ್ಟಿಗಳನ್ನು ಅತಿಯಾಗಿ ನೆಚ್ಚಬೇಕಿಲ್ಲ. ಆದರೆ ಪರ್ಸಿನ ಪ್ರಶ್ನೆ ಕೇಳುತ್ತಿರುವುದು ಅಣ್ಣತಮ್ಮಂದಿರ ಬಗ್ಗೆಯಲ್ಲ, ಗುರುತು ಪರಿಚಯವಿಲ್ಲದವರ ಬಗ್ಗೆ ಎಂಬುದನ್ನು ಗಮನಿಸಬೇಕು. ತನ್ನವರ ಮೇಲೆ ಇಡುವ ನಂಬಿಕೆಯೇ ಬೇರೆ, ಯಾರೋ ಏನೋ ಎಂಬವರ ಮೇಲೆ ಇಡುವುದೇ ಬೇರೆ. ಮೊದಲನೆಯದು ಮನೆಯ ಸುಖಕ್ಕೆ ಸಾಕು. ಊರಿನ ಸುಖಕ್ಕೆ ಎರಡನೆಯದೂ ಬೇಕು. ಇವೆರಡರ ನಡುವಿನ ಎಳೆದಾಟವನ್ನು ನೋಡಲು ಹೈದರಾಬಾದಿನಷ್ಟು ಒಳ್ಳೆಯ ಊರು ದಕ್ಷಿಣದಲ್ಲಿ ಸಿಗುವುದು ಕಷ್ಟ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂಬ ಅಂದಾಜಿದೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಜನ ಬದುಕಿಕೊಂಡರು. ಮರ ಇಂದೂ ಅಲ್ಲೇ ಇದೆ. ಕೊಂಬೆ ಹಿಡಿಯುವಾಗ ಪಕ್ಕದವನ ಜಾತಿ ಮತ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಮನೆಮಠ ಕಳೆದುಕೊಂಡವರಿಗೆ ಅರಮನೆಗಳ ಬಾಗಿಲು ತೆರೆಸಿದ, ಗಂಜಿಕೇಂದ್ರಗಳು ನಡೆದವು. ಉರ್ದು ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡು ಒಬ್ಬಂಟಿಯಾಗಿ ಉಳಿದ.

ವಿಪತ್ತಿನಲ್ಲಿ ಉಕ್ಕುವ ಈ ಆತ್ಮೀಯತೆಯನ್ನು ಹೊಗಳುವವರು ಬಹಳ. ಆದರೆ ಅದು ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ನದಿಯ ದಂಡೆಯಲ್ಲಿ ಮತ್ತೆ ನಿಶ್ಚಿಂತೆಯಿಂದ ಮಲಗಲು ಬೇರೆ ಬಗೆಯ ಭರವಸೆ ಬೇಕಾಗಿತ್ತು. ಅದಕ್ಕಾಗಿ 1909ರಲ್ಲಿ ಹೈದರಾಬಾದಿಗೆ ಬಂದವರು ಎಂ. ವಿಶ್ವೇಶ್ವರಯ್ಯ. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ತಡೆಹಿಡಿಯುವುದು ಅವರ ಯೋಜನೆ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನೆರೆಯವನ ಒಳ್ಳೆಯತನವನ್ನು ನೆಚ್ಚುವ ಹಾಗೆಯೇ ಕಟ್ಟೆಯನ್ನೂ, ಅದರ ತೂಬು ಎತ್ತುವ ನೌಕರನನ್ನೂ ನೆಚ್ಚುವುದು ಸಮುದಾಯದ ನಂಬಿಕೆಯೇ. ಧರ್ಮಗ್ರಂಥಗಳು ಈ ಬಗೆಯ ನಂಬಿಕೆಯ ಬಗ್ಗೆ ಹೆಚ್ಚು ಮಾತಾಡಿಲ್ಲ. 2020ರ ಅಕ್ಟೋಬರಿನ ಮಳೆಯಲ್ಲಿ ಕೆರೆಯಂಗಳ, ನಾಲೆಗಳ ಪಕ್ಕದ ಬಡಾವಣೆಗಳು ಮುಳುಗಿದಾಗ ಕುಸಿದದ್ದು ಗೋಡೆಗಳು ಮಾತ್ರವಲ್ಲ, ಈ ನಂಬಿಕೆಯೂ.

ಇನ್ನು ತನ್ನವರ ಮೇಲಿನ ನಂಬಿಕೆ. ನಿಜಾಮರ ಕಾಲದ ಹೈದರಾಬಾದಿನಲ್ಲಿ ಆಡಳಿತದ ಭಾಷೆ ಉರ್ದು. ತೆಲುಗು, ಮರಾಠಿ, ಕನ್ನಡದ ಜನ ತಂತಮ್ಮ ಗುಂಪು ಕಟ್ಟಿಕೊಂಡರು. ಸಾರ್ವಜನಿಕ ಸಭೆಗೆ ಸರ್ಕಾರದ ಅಪ್ಪಣೆ ಬೇಕಿದ್ದುದರಿಂದ ಓದುವ ಕೊಠಡಿ, ಶಾಲೆಗಳೇ ಕೂಡುವ ಜಾಗಗಳಾದವು. 1901ರಲ್ಲಿ ತೆಲುಗರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ, 1907ರಲ್ಲಿ ಮರಾಠಿಗರ ವಿವೇಕವರ್ಧಿನಿ ಬಂದವು. ಕನ್ನಡಿಗರು ನೃಪತುಂಗ ಶಾಲೆಯನ್ನು, ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿಕೊಂಡರು. ಬೀದರ್, ಕಲಬುರಗಿ, ರಾಯಚೂರಿನವರಿಗೆ 1956ರವರೆಗೆ ರಾಜಧಾನಿಯಾಗಿದ್ದದ್ದು ಇದೇ ಊರು. ಓದಲು, ನೌಕರಿಗೆ, ಕೋರ್ಟಿಗೆ ಬಂದವರಿಗೆ ಬಾಡಿಗೆ ಕೋಣೆ ತೋರಿಸುವುದು, ಹುಡುಗನಿಗೆ ಹೆಣ್ಣು ಹುಡುಕುವುದು, ಕಾಯಿಲೆ ಬಿದ್ದರೆ ಊರಿಗೆ ಸುದ್ದಿ ಮುಟ್ಟಿಸುವುದು, ಇವೆಲ್ಲ ಇಂಥ ಸಂಘಗಳ ನೋಟೀಸು ಬೋರ್ಡಿನಲ್ಲಿ ಬರೆಯದ ಕೆಲಸಗಳು. ಪರ ಊರಿನಲ್ಲಿ ತಮ್ಮ ಮಾತು ಕಿವಿಗೆ ಬಿದ್ದರೆ ಸಿಗುವ ನಿರಾಳವನ್ನು ಯಾವ ಸಮೀಕ್ಷೆಯೂ ಅಳೆಯಲಾರದು.

ಇಂಥ ಸಂಘಗಳ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ಭಾಗ್ಯರೆಡ್ಡಿ ವರ್ಮ 1906ರಲ್ಲಿ ಜಗನ್ಮಿತ್ರ ಮಂಡಳಿ ಕಟ್ಟಿ, ಮುಂದೆ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದ್ದು ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ. ‘ನಮ್ಮ ಸಮುದಾಯ’ ಎಂಬ ಬೆಚ್ಚನೆಯ ಭಾವ ಯಾರನ್ನು ಹೊರಗಿಟ್ಟು ಬೆಚ್ಚಗಿದೆ ಎಂದು ಕೇಳದ ಸುಖದ ತತ್ತ್ವ ಅರೆಬರೆಯದು.

ಒಳಗಿನವರನ್ನು ಮಾತ್ರ ಬೆಸೆಯುವ ನಂಟಿಗೆ ಊರು ತೆತ್ತ ಬೆಲೆ 1978ರಿಂದ 1990ರವರೆಗಿನ ಗಲಭೆಗಳಲ್ಲಿ ಕಾಣಿಸಿತು. 1990ರ ಡಿಸೆಂಬರಿನಲ್ಲಿ ಹಳೆ ನಗರದಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಮನಶ್ಶಾಸ್ತ್ರಜ್ಞ ಸುಧೀರ್ ಕಾಕರ್ ಅಲ್ಲಿನ ಹಿಂದೂ, ಮುಸ್ಲಿಂ ಕುಟುಂಬಗಳ ಜೊತೆ ಮಾತಾಡಿ 1996ರಲ್ಲಿ ‘ದಿ ಕಲರ್ಸ್ ಆಫ್ ವಯಲೆನ್ಸ್’ ಪುಸ್ತಕ ಪ್ರಕಟಿಸಿದರು. ಗಲಭೆಯ ಹೊತ್ತಿನ ವದಂತಿಗಳು ಹಾಲು, ನೀರು, ಊಟಕ್ಕೆ ವಿಷ ಬೆರೆಸಿದ್ದರ ಸುತ್ತ ಹೆಣೆದುಕೊಳ್ಳುವುದನ್ನು ಅವರು ಗುರುತಿಸಿದರು. ಮಗು ಲೋಕವನ್ನು ಮೊದಲು ನಂಬುವುದೇ ಹಾಲಿನ ಮೂಲಕ. ವದಂತಿ ಕೈಹಾಕುವುದು ಆ ಬುಡಕ್ಕೇ. ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನವನನ್ನು ಅನುಮಾನದಿಂದ ನೋಡಬೇಕಾಗಿ ಬಂದ ಮನೆಯಲ್ಲಿ ಸಂತೋಷ ಎಷ್ಟಿದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ರಾಜಕೀಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೆ 2002ರ ತಮ್ಮ ಗ್ರಂಥದಲ್ಲಿ ಹೈದರಾಬಾದನ್ನು, ಇಂಥ ಗಲಭೆಗಳಿಂದ ಬಹುಮಟ್ಟಿಗೆ ದೂರ ಉಳಿದ ಲಖನೌ ಜೊತೆ ಹೋಲಿಸಿದರು. ಹಬ್ಬಕ್ಕೆ ಪಾಯಸ ಕಳಿಸುವುದು, ಮಕ್ಕಳು ಒಟ್ಟಿಗೆ ಆಡುವುದು ಒಳ್ಳೆಯದೇ. ಹಳ್ಳಿಯಲ್ಲಿ ಅಷ್ಟು ಸಾಕಾಗಬಹುದು. ದೊಡ್ಡ ನಗರದಲ್ಲಿ ಬಿಕ್ಕಟ್ಟು ತಡೆಯುವುದು ಎರಡೂ ಕಡೆಯವರಿರುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಪಕ್ಷಗಳು ಎಂದು ಅವರ ವಾದ. ಲಖನೌದ ಚಿಕನ್ ಕಸೂತಿಯಲ್ಲಿ ಹಿಂದೂ ವರ್ತಕರಿಗೂ ಮುಸ್ಲಿಂ ಕಸುಬುದಾರರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಹೊಟ್ಟೆಪಾಡಿಲ್ಲ. ಹೈದರಾಬಾದಿನ ಸಂಘಸಂಸ್ಥೆಗಳು ಹೆಚ್ಚಾಗಿ ಒಂದೊಂದು ಸಮುದಾಯದೊಳಗೇ ಉಳಿದವು. ವಾದಕ್ಕೆ ಅಪವಾದಗಳಿರಬಹುದು. ಆದರೂ ಪ್ರೀತಿಗಿಂತ ಕೂಡಿ ಮಾಡುವ ಕೆಲಸ ಗಟ್ಟಿ ಎಂಬ ಅದರ ತಿರುಳನ್ನು ತಳ್ಳಿಹಾಕುವುದು ಸುಲಭವಲ್ಲ.

ಕೂಡಿ ಮಾಡುವ ಕೆಲಸಗಳಲ್ಲಿ ಬಡವರ ಮನೆಗೆ ತೀರ ಹತ್ತಿರದ್ದು ಚೀಟಿ. ಬಸ್ತಿಯ ಇಪ್ಪತ್ತು ಹೆಂಗಸರು ತಿಂಗಳಿಗೆ ಐದೈದು ಸಾವಿರ ಹಾಕಿದರೆ ಒಂದು ಲಕ್ಷ. ದುಡ್ಡಿನ ತುರ್ತಿರುವವರು ಹೆಚ್ಚು ಕಸರು ಬಿಟ್ಟು ಕೂಗಿ ಚೀಟಿ ಎತ್ತುತ್ತಾರೆ, ಬಿಟ್ಟ ಹಣ ಉಳಿದವರಿಗೆ ಹಂಚಿಹೋಗುತ್ತದೆ. ಕೂಗುವ ಗೋಜಿಲ್ಲದೆ ಹೆಸರು ಬರೆದ ಕಾಗದಗಳನ್ನು ಡಬ್ಬಿಗೆ ಹಾಕಿ ಮಗುವಿನ ಕೈಲಿ ಒಂದನ್ನು ತೆಗೆಸುವುದೂ ಉಂಟು. ಮೊದಲ ತಿಂಗಳೇ ಎತ್ತಿದವಳು ಉಳಿದ ಹತ್ತೊಂಬತ್ತು ತಿಂಗಳು ಕಟ್ಟುತ್ತಾಳೆ ಎಂಬುದಕ್ಕೆ ಆಧಾರ ಅವಳ ಮನೆ ಎಲ್ಲಿದೆ, ಅವಳು ಎಂಥವಳು ಎಂದು ಹತ್ತೊಂಬತ್ತು ಜನರಿಗೆ ಗೊತ್ತಿರುವುದಷ್ಟೇ. ಚೀಟಿ ನಡೆಸುವವರು ರಾತ್ರೋರಾತ್ರಿ ಪರಾರಿಯಾದರೆ ಹಣದ ಜೊತೆಗೆ ಗಲ್ಲಿಯ ಮಾತುಕತೆಯೂ ನಿಂತುಹೋಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆ ಬಂದದ್ದು ಇಂಥ ಮೋಸಗಳಿಗೆ ಮೂಗುದಾರ ಹಾಕಲು.

ಇದೇ ನಂಬಿಕೆಯನ್ನು ಹೊರಗಿನವರು ಅಡಮಾನವಾಗಿ ಬಳಸಿಕೊಂಡರೆ ಏನಾಗುತ್ತದೆ ಎಂಬುದು ಹೈದರಾಬಾದನ್ನು ಕೇಂದ್ರವಾಗಿಸಿಕೊಂಡು ಬೆಳೆದ ಕಿರುಸಾಲ ಉದ್ಯಮದಲ್ಲಿ ಗೊತ್ತಾಯಿತು. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದವರು ತುಂಬಬೇಕು ಎಂಬ ಸಾಮೂಹಿಕ ಹೊಣೆ ಅದರ ಆಧಾರ. 2010ರ ಆಗಸ್ಟಿನಲ್ಲಿ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರುಪೇಟೆಗೆ ಬಂತು. ಅದೇ ಅಕ್ಟೋಬರಿನಲ್ಲಿ, ಸಾಲಗಾರರ ಆತ್ಮಹತ್ಯೆಗಳ ವರದಿಗಳ ಬೆನ್ನಿಗೆ, ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ವಸೂಲಿಗೆ ಕಡಿವಾಣ ಹಾಕಿತು. ಬಡ್ಡಿದರದ ಬಗ್ಗೆ ಆಗ ನಡೆದಷ್ಟು ಚರ್ಚೆ ಗೆಳತಿಯರೇ ಗೆಳತಿಯ ಬಾಗಿಲಲ್ಲಿ ವಸೂಲಿಗೆ ನಿಲ್ಲಬೇಕಾದ ಅವಮಾನದ ಬಗ್ಗೆ ನಡೆಯಲಿಲ್ಲ. ಸಂಬಂಧ ಸುಖ ಕೊಡುತ್ತದೆ ಎಂಬುದು ನಿಜ. ಅದನ್ನೇ ಹಿಡಿತವಾಗಿಸಿದರೆ ಅಷ್ಟೇ ಆಳವಾಗಿ ನೋಯಿಸುತ್ತದೆ.

1998ರಲ್ಲಿ ಹೈಟೆಕ್ ಸಿಟಿ ಆರಂಭವಾದ ಮೇಲೆ ಮಾಧಾಪುರ, ಗಚ್ಚಿಬೌಲಿಯ ಕಡೆ ಬೆಳೆದ ಹೊಸ ನಗರ ಬೇರೆ ದಾರಿ ಹಿಡಿಯಿತು. ಕಾಂಪೌಂಡ್ ಗೋಡೆ, ಕ್ಯಾಮೆರಾ, ಒಟಿಪಿ ಕೇಳುವ ಸೆಕ್ಯುರಿಟಿ, ಎಲ್ಲ ಇವೆ. ಬೆಂಗಳೂರು, ಹುಬ್ಬಳ್ಳಿ, ರಾಯಚೂರಿನಿಂದ ಬಂದ ಎಂಜಿನಿಯರುಗಳು ಇಲ್ಲಿ ನಿಶ್ಚಿಂತೆಯಾಗಿದ್ದಾರೆ. ಆದರೆ ಭದ್ರತೆ ಇದ್ದಲ್ಲಿ ಯಾರನ್ನೂ ನಂಬುವ ಅಗತ್ಯವೇ ಬೀಳುವುದಿಲ್ಲ, ಅಗತ್ಯ ಬೀಳದಿದ್ದರೆ ನಂಬುವ ರೂಢಿಯೂ ತಪ್ಪುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ತೆಲುಗು, ಕನ್ನಡ, ಹಿಂದಿಯವರನ್ನು ಒಂದು ಗಣಪತಿಯ ಮುಂದೆ ಕೂರಿಸುತ್ತವೆ, ಬತುಕಮ್ಮವನ್ನೂ ಆಡಿಸುತ್ತವೆ. ಅಡುಗೆಯವರು, ಡ್ರೈವರುಗಳು ಈ ಸಂಘಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವುದಿಲ್ಲ.

ಹಬ್ಬಗಳು ಹೈದರಾಬಾದಿನಲ್ಲಿ ಬೆಸೆದೂ ಇವೆ, ಒಡೆದೂ ಇವೆ. ಮೊಹರಮ್ಮಿನ ಹತ್ತನೆಯ ದಿನ ದಬೀರ್‌ಪುರದಿಂದ ಆನೆಯ ಮೇಲೆ ಹೊರಡುವ ಪವಿತ್ರ ಧ್ವಜ ಬೀಬಿ ಕಾ ಆಲಮ್‌ಗೆ ಹಿಂದೂಗಳೂ ಕೈಮುಗಿಯುತ್ತಾರೆ. 1813ರ ಸಾಂಕ್ರಾಮಿಕದ ನೆನಪನ್ನು ಹೊತ್ತ ದೇವಿಯ ಹಬ್ಬ ಬೋನಾಲು, ರೋಗದ ಎದುರು ಒಂದಿಡೀ ಊರು ಕಟ್ಟಿಕೊಂಡ ಹರಕೆ. 1984ರ ಗಲಭೆ ಹೊತ್ತಿಕೊಂಡದ್ದು ಗಣೇಶನ ಮೆರವಣಿಗೆಯ ದಿನಗಳಲ್ಲಿ. ದೇವರ ಹೆಸರಿನಲ್ಲಿ ಸೇರಿದ ಜನ ಎತ್ತ ತಿರುಗುತ್ತಾರೆ ಎಂಬುದು ಭಕ್ತಿಯ ತೀವ್ರತೆಯ ಮೇಲೆ ನಿಂತಿಲ್ಲ, ಮೆರವಣಿಗೆಗೆ ಮುಂಚೆ ಯಾರು ಯಾರ ಜೊತೆ ಮಾತಾಡಿದ್ದರು ಎಂಬುದರ ಮೇಲೆ ನಿಂತಿದೆ.

2023ರಲ್ಲಿ ಗಣೇಶ ವಿಸರ್ಜನೆ, ಮಿಲಾದುನ್ನಬಿ ಎರಡೂ ಸೆಪ್ಟೆಂಬರ್ 28ಕ್ಕೇ ಬಿದ್ದವು. ಮುಸ್ಲಿಂ ಸಂಘಟಕರು ಮಾತುಕತೆ ನಡೆಸಿ ತಮ್ಮ ಜುಲೂಸನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. ಪ್ರವಾದಿಯ ಜನ್ಮದಿನದ ಮೆರವಣಿಗೆಯನ್ನು ಬೇರೆ ದಿನಕ್ಕೆ ಹಾಕುವುದು ಸಣ್ಣ ತ್ಯಾಗವಲ್ಲ, ತಮ್ಮ ಜನರ ಅಸಮಾಧಾನವನ್ನೂ ಎದುರಿಸಬೇಕಾಗುತ್ತದೆ. 2024, 2025ರಲ್ಲೂ ಎರಡು ಹಬ್ಬಗಳು ಬೆನ್ನುಬೆನ್ನಿಗೇ ಬಂದವು. ಹಿಜರಿ ಪಂಚಾಂಗ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಇಂಥ ಸನ್ನಿವೇಶ ಮತ್ತೆ ಒದಗುವುದು ಮೂರು ದಶಕಗಳ ಮೇಲೆ, 2050ರ ದಶಕದಲ್ಲಿ. ಆಗ ಸಭೆಯಲ್ಲಿ ಕೂರುವವರು ಬೇರೆಯವರಾಗಿರುತ್ತಾರೆ, ಮಾತುಕತೆಯನ್ನು ಮತ್ತೆ ಮೊದಲಿನಿಂದ ಆಡಬೇಕಾಗುತ್ತದೆ.