ಸಿಸಿ ಹೆಚ್ಚಿದಷ್ಟೂ ಕಣ್ಣು ದೂರ

ಅಡಿಕೆ ದುಡ್ಡು ಕೈಗೆ ಬಂತೆಂದರೆ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಭೀಮಸಮುದ್ರದ ಕಡೆ ಮನೆಗಳ ಮುಂದೆ ಹೊಸ ಬೈಕು ಬಂದು ನಿಲ್ಲುತ್ತದೆ. ಹಿರಿಯೂರಿನಲ್ಲಿ ಈರುಳ್ಳಿಗೆ, ಹೊಸದುರ್ಗದಲ್ಲಿ ದಾಳಿಂಬೆಗೆ ರೇಟು ಸಿಕ್ಕ ವರ್ಷವೂ ಅದೇ ಕತೆ. ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲಿಗೆ ಸೇವಂತಿಗೆ ಹಾರ, ಟ್ಯಾಂಕಿನ ಮೇಲೆ ಅರಿಶಿನ ಕುಂಕುಮ. ಸುತ್ತ ನೆರೆದವರಲ್ಲಿ ಹಿರಿಯರು ಕೇಳುವುದು, "ಲೀಟರಿಗೆ ಎಷ್ಟು ಕೊಡುತ್ತೆ?" ಹುಡುಗರು ಕೇಳುವುದು, "ಎಷ್ಟರವರೆಗೆ ಹೋಗುತ್ತೆ?" "ಎಷ್ಟರೊಳಗೆ ನಿಲ್ಲುತ್ತೆ?" ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನೂರು ಸಿಸಿಯಿಂದ ಮುನ್ನೂರೈವತ್ತಕ್ಕೆ, ಅಲ್ಲಿಂದ ಆರುನೂರೈವತ್ತಕ್ಕೆ ಏರುವವರು ಮೊದಲು ಕೇಳಿಕೊಳ್ಳಬೇಕಾದದ್ದು ಆ ಮೂರನೆಯದನ್ನೇ.

ಏರುವುದೆಂದರೆ ಈಗ ಸಿಸಿಯಲ್ಲಿ ಏರುವುದು. ನಮ್ಮ ಅಪ್ಪಂದಿರ ಲೆಕ್ಕ ತಿರುಗುಮುರುಗಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾದಾಗ ಅಲ್ಲಿಂದ ಹೊರಬಂದ ಗಾಡಿ 250 ಸಿಸಿಯದು. 1973ರಿಂದ ಅದು ಯೆಜ್ಡಿ ಎಂಬ ಹೆಸರಲ್ಲಿ ಊರೂರು ತಿರುಗಿತು. 1984–85ರ ಹೊತ್ತಿಗೆ ಜಪಾನಿನವರ ಜೊತೆ ಸೇರಿ ಮಾಡಿದ ನೂರು ಸಿಸಿ ಗಾಡಿಗಳು ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಇನ್ನೂರೈವತ್ತರಿಂದ ನೂರಕ್ಕೆ ಇಳಿದವರು ತಾವು ಮೇಲೇರಿದೆವೆಂದೇ ತಿಳಿದರು. ತಪ್ಪೇನಿಲ್ಲ. ಆರ್‌ಎಕ್ಸ್‌ನ 98 ಸಿಸಿ ಎಂಜಿನ್ 11 ಬಿಎಚ್‌ಪಿ ಕೊಡುತ್ತಿತ್ತು. ಹಳೆಯ ಜಾವಾ 250ರದ್ದು ಹನ್ನೆರಡರ ಆಸುಪಾಸು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಆಮೇಲೆ ಬಹುಕಾಲ ಈ ಜಿಲ್ಲೆಯ ರಸ್ತೆಗಳನ್ನು ಆಳಿದ್ದು ಸ್ಪ್ಲೆಂಡರ್.

ಆ ದಿನಗಳಲ್ಲಿ ಮೆಟ್ಟಿಲು ತಾನಾಗಿಯೇ ಇತ್ತು. ಮೊದಲು ಅಟ್ಲಾಸ್ ಸೈಕಲ್ಲು, ಆಮೇಲೆ ಲೂನಾ ಇಲ್ಲವೇ ಟಿವಿಎಸ್ 50, ಹತ್ತು ವರ್ಷ ದುಡಿದ ಮೇಲೆ ಒಂದು ನೂರು ಸಿಸಿ ಗಾಡಿ. ಯಾರೂ ವಿವೇಕದಿಂದ ಕಟ್ಟಿದ ಮೆಟ್ಟಿಲಲ್ಲ, ಕೈಯಲ್ಲಿ ಕಾಸಿಲ್ಲದ್ದರಿಂದ ಆದದ್ದು. ಆದರೂ ಅದು ಮಾಡಬೇಕಾದ ಕೆಲಸ ಮಾಡುತ್ತಿತ್ತು. ದೊಡ್ಡ ಗಾಡಿ ಹತ್ತುವ ಹೊತ್ತಿಗೆ ಸವಾರನ ಮೈಯಲ್ಲಿ ರಸ್ತೆ ಇಳಿದಿರುತ್ತಿತ್ತು. ಈಗ ಡೌನ್ ಪೇಮೆಂಟ್ ಕಟ್ಟಿ, ಆಧಾರ್ ಕಾರ್ಡ್ ಕೊಟ್ಟರೆ ಸಾಯಂಕಾಲದೊಳಗೆ ಗಾಡಿ ಮನೆಯಲ್ಲಿರುತ್ತದೆ.

ಕಾನೂನೂ ತಡೆಯುವುದಿಲ್ಲ. ಗೇರಿರುವ ಬೈಕಿನ ಲೈಸೆನ್ಸ್ ಒಂದೇ; ನೂರು ಸಿಸಿಯಲ್ಲಿ ಎಂಟು ಹಾಕಿ ಪಾಸಾದವನು ಮರುದಿನವೇ ಸಾವಿರ ಸಿಸಿ ಹತ್ತಬಹುದು. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ 125 ಸಿಸಿಯವರೆಗೆ ಒಂದು ಲೈಸೆನ್ಸ್, 35 ಕಿಲೋವಾಟ್ ಶಕ್ತಿಯವರೆಗೆ ಇನ್ನೊಂದು, ಎರಡು ವರ್ಷ ಆ ಗಾಡಿ ಓಡಿಸಿದ ಮೇಲೆ ದೊಡ್ಡದಕ್ಕೆ ಅರ್ಹತೆ. ನೇರವಾಗಿ ದೊಡ್ಡದನ್ನೇ ಹತ್ತಬೇಕೆಂದರೆ 24 ತುಂಬುವವರೆಗೆ ಕಾಯಬೇಕು. ಜಪಾನಿನಲ್ಲೂ 400 ಸಿಸಿ ದಾಟಿದರೆ ಬೇರೆ ಲೈಸೆನ್ಸ್. ನಮ್ಮಲ್ಲಿ ಲೈಸೆನ್ಸ್ ಕಟ್ಟದ ಮೆಟ್ಟಿಲನ್ನು ತೆರಿಗೆ ಕಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ಮೇಲಿನದಕ್ಕೆ ಶೇ 40. ಅದು ಕೂಡ ಜೇಬನ್ನು ನೋಡುತ್ತದೆಯೇ ಹೊರತು ಸವಾರನನ್ನಲ್ಲ.

ಇನ್ನು ನಿಲ್ಲುವ ವಿಷಯ. ಸ್ಪ್ಲೆಂಡರ್ ಸುಮಾರು 110 ಕಿಲೋ ತೂಗುತ್ತದೆ, ಎಂಜಿನ್ನಿಗೆ ಎಂಟು ಬಿಎಚ್‌ಪಿ ಶಕ್ತಿ. ಕ್ಲಾಸಿಕ್ 350 ತೂಗುವುದು 195 ಕಿಲೋ, ಶಕ್ತಿ ಇಪ್ಪತ್ತು. ಇಂಟರ್‌ಸೆಪ್ಟರ್ 650 ಇನ್ನೂರು ಕಿಲೋ ದಾಟುತ್ತದೆ, ಶಕ್ತಿ ನಲವತ್ತೇಳು. ತೂಕ ಎರಡು ಪಟ್ಟಾಗುವಷ್ಟರಲ್ಲಿ ಶಕ್ತಿ ಆರು ಪಟ್ಟಾಗಿದೆ. ಆದರೆ ರಸ್ತೆಯ ಲೆಕ್ಕ ಬದಲಾಗಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾಗುವ ದೂರ ನಾಲ್ಕು ಪಟ್ಟು. ಒಣ ಡಾಂಬರು, ಒಳ್ಳೆಯ ಬ್ರೇಕು, ಕಂಡದ್ದು ಕೈಗೆ ಮುಟ್ಟಲು ಒಂದು ಸೆಕೆಂಡು ಎಂದಿಟ್ಟುಕೊಂಡರೆ 40 ಕಿ.ಮೀ. ವೇಗದ ಗಾಡಿ ನಿಲ್ಲಲು ಇಪ್ಪತ್ತು ಮೀಟರ್ ಸಾಕು. 80ರಲ್ಲಿದ್ದರೆ ಅರವತ್ತು ಮೀಟರಿನ ಹತ್ತಿರ ಬೇಕು. ಅದರಲ್ಲಿ ಇಪ್ಪತ್ತೆರಡು ಮೀಟರು ಸವಾರ ಬ್ರೇಕು ಮುಟ್ಟುವುದಕ್ಕೂ ಮೊದಲೇ ಕಳೆದುಹೋಗಿರುತ್ತದೆ.

ಆದ್ದರಿಂದ ದೊಡ್ಡ ಗಾಡಿಗೆ ಏರಿದಾಗ ಮೊದಲು ಬದಲಾಗಬೇಕಾದದ್ದು ಕಣ್ಣು ನೆಡುವ ಜಾಗ. ಊರೊಳಗೆ ನೂರು ಸಿಸಿಯಲ್ಲಿ ಓಡಾಡುವಾಗ ಮುಂದಿನ ಚಕ್ರದಾಚೆ ಹದಿನೈದು ಇಪ್ಪತ್ತು ಮೀಟರ್ ನೋಡಿಕೊಂಡರೆ ನಡೆದುಹೋಗುತ್ತದೆ. ಅದೇ ಅಭ್ಯಾಸ ಹೊತ್ತು ಹೆದ್ದಾರಿಗೆ ಬಂದರೆ ಕಂಡದ್ದೆಲ್ಲ ತಡವಾಗಿಯೇ ಕಾಣುತ್ತದೆ. ರಾತ್ರಿ ಇದು ಇನ್ನೂ ಕಷ್ಟ. ದೀಪದ ಬೆಳಕು ಎಲ್ಲಿಗೆ ಮುಗಿಯುತ್ತದೋ ಅಷ್ಟರೊಳಗೆ ನಿಲ್ಲುವಂತಿದ್ದರೆ ಮಾತ್ರ ಆ ವೇಗ ನಮ್ಮದು. ಮಿಕ್ಕದ್ದು ದೇವರ ಮೇಲಿನ ಭಾರ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರಿಗೆ ನಮ್ಮ ಸಿಸಿ ಎಷ್ಟೆಂದು ಗೊತ್ತಿರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ದ್ವಿಚಕ್ರದ ಮೇಲಿದ್ದವರು.

ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಈ ನಾಲ್ಕೂ ಊರುಗಳನ್ನು ಒಂದು ಸುತ್ತು ಹಾಕಿ ಬಂದರೆ ಈ ಪಾಠ ರಸ್ತೆಯ ಮೇಲೆಯೇ ಸಿಗುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ನಲವತ್ತು ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48. ಗುಯಿಲಾಳು ಟೋಲಿನಲ್ಲಿ ಬೈಕಿಗೆ ದುಡ್ಡಿಲ್ಲ, ಎದುರಿಗೆ ಸಾಫಾದ ರಸ್ತೆ, ಕೈ ತಾನಾಗಿ ತಿರುಗುತ್ತದೆ. ಆದರೆ ಇದು ಗಾಳಿಯ ಸೀಮೆ; ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಐಮಂಗಲದ ಬಯಲಲ್ಲಿ ಗಾಳಿ ಎಡಗಡೆಯಿಂದ ಬೀಸುತ್ತದೆ. ಲಾರಿಯನ್ನು ಬಲಕ್ಕೆ ಹಿಂದಿಕ್ಕುವಾಗ ಅದರ ಮರೆಯಲ್ಲಿ ಎರಡು ಕ್ಷಣ ಎಲ್ಲ ಶಾಂತ. ಲಾರಿಯ ಮೂತಿ ದಾಟಿದ ಮರುಗಳಿಗೆ ಗಾಳಿ ಒಮ್ಮೆಲೇ ತಳ್ಳಿ ಗಾಡಿ ಡಿವೈಡರಿನ ಕಡೆ ಒಂದು ಮಾರು ಸರಿದಿರುತ್ತದೆ. ಹೊಸಬ ಗಾಬರಿಯಿಂದ ಹ್ಯಾಂಡಲ್ ಬಿಗಿಹಿಡಿಯುತ್ತಾನೆ, ಗಾಡಿ ಇನ್ನಷ್ಟು ಅಲುಗುತ್ತದೆ. ಪಳಗಿದವನು ಕೈ ಸಡಿಲ ಬಿಟ್ಟು, ಮೊಣಕಾಲಿನಲ್ಲಿ ಟ್ಯಾಂಕು ಅವುಚಿ, ಲಾರಿಯ ಪಕ್ಕದಲ್ಲಿರುವಾಗಲೇ ಆ ಗಾಳಿಗಾಗಿ ಕಾದಿರುತ್ತಾನೆ.

ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗದ ಕಡೆ ತಿರುಗಿದರೆ ಪಾಠವೂ ಬೇರೆ. ಸುಗ್ಗಿಯ ದಿನಗಳಲ್ಲಿ ಒಳರಸ್ತೆಗಳೇ ಕಣ. ರಾಗಿ, ಹುರುಳಿ ಹರವಿ, ಅಂಚಿಗೆ ಕಲ್ಲಿಟ್ಟು, ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ಬಿಟ್ಟಿರುತ್ತಾರೆ. ಕೂಲಿಗೆ ಆಳು ಸಿಗದ ರೈತನ ಕಷ್ಟ ಅದು. ತಿರುವು ದಾಟಿದ ಕೂಡಲೇ ಕಾಣುವ ಆ ಹುರುಳಿ ಹೊಟ್ಟಿನ ಮೇಲೆ ನೂರು ಸಿಸಿ ಗಾಡಿ ಹೇಗೋ ದಾಟಿಬಿಡುತ್ತದೆ. ನಲವತ್ತೇಳು ಬಿಎಚ್‌ಪಿ ಗಾಡಿಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಹೆಚ್ಚಾದರೂ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ, ಬ್ರೇಕು ಹಿಡಿದರೆ ಮುಂದಿನದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ, ಒಳ್ಳೆಯದೇ. ಅದು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಹೊಟ್ಟಿನ ಮೇಲೆ ಹಿಡಿತ ಹುಟ್ಟಿಸಲಾರದು. ಅಲ್ಲಿ ಕಾಯುವುದು ತಿರುವಿಗೂ ಮೊದಲೇ ಇಳಿಸಿದ ವೇಗ ಮಾತ್ರ.

ಬ್ರೇಕಿನದ್ದೇ ಇನ್ನೊಂದು ಅಭ್ಯಾಸವಿದೆ. ಡ್ರಮ್ ಬ್ರೇಕಿನ ಸಣ್ಣ ಗಾಡಿಯಲ್ಲಿ ಬೆಳೆದವರು ಕಾಲಿನ ಬ್ರೇಕನ್ನೇ ನಂಬುತ್ತಾರೆ. ಮುಂದಿನದು ಹಿಡಿದರೆ ಪಲ್ಟಿ ಎಂಬ ಭಯ. ನಿಜವೇನೆಂದರೆ ಗಾಡಿ ನಿಧಾನವಾಗುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಒಣ ರಸ್ತೆಯಲ್ಲಿ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಮಾಡುವುದು ಅದೇ. ಒಮ್ಮೆಗೇ ಕಿತ್ತು ಹಿಡಿಯದೆ, ಮೊದಲು ಮೆಲ್ಲಗೆ ಮುಟ್ಟಿ, ಭಾರ ಮುಂದಕ್ಕೆ ಬಂದಮೇಲೆ ಬಿಗಿ ಮಾಡಬೇಕು. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಇದನ್ನು ಕಲಿಯದೆ ಹೊಸ ಗಾಡಿಯನ್ನು ಹೆದ್ದಾರಿಗೆ ಹತ್ತಿಸಬಾರದು.

ವೇಗದಲ್ಲಿ ಮಾತ್ರ ಕಷ್ಟ ಎಂದುಕೊಂಡರೆ ಅದೂ ತಪ್ಪು. ದೊಡ್ಡ ಗಾಡಿಗಳು ಹೆಚ್ಚಾಗಿ ಬೀಳುವುದು ನಿಂತಲ್ಲೇ. ಪೆಟ್ರೋಲ್ ಬಂಕಿನ ತಿರುವು, ದುರ್ಗದ ಕೋಟೆ ಮುಂದಿನ ಇಳಿಜಾರು ಪಾರ್ಕಿಂಗು, ಸಂತೆ ದಿನದ ಜನಜಂಗುಳಿ. ಇನ್ನೂರು ಕಿಲೋ ಒಂದು ಕಡೆಗೆ ವಾಲಿತೆಂದರೆ ಕಾಲು ಕೊಟ್ಟು ತಡೆಯುವ ಮಾತಿಲ್ಲ. ಹಿರಿಯೂರಿನ ಎರೆಹೊಲದ ಪಕ್ಕ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡು ಮೆತ್ತಗೆ ಮಣ್ಣಿಗಿಳಿಯುತ್ತದೆ. ಸವಾರ ಟೀ ಕುಡಿದು ಬರುವಷ್ಟರಲ್ಲಿ ಗಾಡಿ ಮಗ್ಗುಲಾಗಿರುತ್ತದೆ. ಆ ಕಡೆಯ ಅನುಭವಸ್ಥರು ಒಂದು ಚಪ್ಪಟೆ ಕಲ್ಲು ಹುಡುಕಿ ಸ್ಟ್ಯಾಂಡಿನಡಿ ಇಟ್ಟ ಮೇಲೆಯೇ ಗಾಡಿ ಬಿಟ್ಟು ಹೋಗುತ್ತಾರೆ.

ಇಷ್ಟೆಲ್ಲ ಹೇಳಿದ್ದು ದೊಡ್ಡ ಗಾಡಿ ಬೇಡವೆಂದಲ್ಲ. ನೂರು ಸಿಸಿ ಗಾಡಿ ಎಂಬತ್ತಕ್ಕೆ ಹೋದಾಗ ಅದರ ಉಸಿರು ಮುಗಿದಿರುತ್ತದೆ. ಲಾರಿ ಹಿಂದಿಕ್ಕಲು ಬೇಕಾದಾಗ ಕೊಡಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಅದೇ ಎಂಬತ್ತರಲ್ಲಿ ದೊಡ್ಡ ಗಾಡಿ ನಿರಾಳವಾಗಿ ಹೋಗುತ್ತದೆ, ಬ್ರೇಕೂ ಚೆನ್ನ, ಬೆಂಗಳೂರಿನಿಂದ ದುರ್ಗದವರೆಗೆ ಇನ್ನೂರು ಕಿಲೋಮೀಟರ್ ಬಂದರೂ ಸೊಂಟ ಹಿಡಿಯುವುದಿಲ್ಲ. ವಾಣಿವಿಲಾಸ ಸಾಗರದ ಏರಿ ನೋಡಿಕೊಂಡು ಸಂಜೆಯೊಳಗೆ ಮನೆ ಸೇರಬಹುದು. ಶಕ್ತಿ ಕೈಯಲ್ಲಿ ಮಿಗಿಸಿಕೊಂಡು ಹೋಗುವ ಸುಖವೇ ದೊಡ್ಡ ಗಾಡಿಯ ಸುಖ. ಕೇಂದ್ರದ 2018ರ ಅಧಿಸೂಚನೆ ಬೈಕಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ 80 ಕಿ.ಮೀ., ಬೇರೆ ರಸ್ತೆಗಳಲ್ಲಿ 60 ಕಿ.ಮೀ. ಗರಿಷ್ಠ ಮಿತಿ ಇಟ್ಟಿದೆ. ಮಿಕ್ಕ ಶಕ್ತಿ ಇರುವುದು ಪೂರ್ತಿ ಖರ್ಚು ಮಾಡುವುದಕ್ಕಲ್ಲ.

ಹಾಗಾದರೆ ಏರುವುದು ಹೇಗೆ? ಕಾನೂನು ಕಟ್ಟದ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕು. ನೂರರಿಂದ ನೇರ ಆರುನೂರೈವತ್ತಕ್ಕೆ ಹಾರದೆ ನಡುವೆ ಒಂದು ನೂರೈವತ್ತು ಇಲ್ಲವೇ ಮುನ್ನೂರೈವತ್ತು, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಹೊಸದರಲ್ಲಿ ಮೊದಲ ಒಂದು ತಿಂಗಳು ಹಗಲಿನಲ್ಲೇ, ಹಿಂದೆ ಯಾರನ್ನೂ ಕೂರಿಸದೆ. ಹೆಂಡತಿ ಮಕ್ಕಳನ್ನು ಕೂರಿಸುವ ದಿನ ಎರಡನೇ ಹೆಲ್ಮೆಟ್ಟೂ ಮನೆಯಲ್ಲಿರಬೇಕು. 2016ರಿಂದ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಸಾಲದ ಕಂತಿನ ಲೆಕ್ಕ ಹಾಕುವಾಗಲೇ ಟೈರು, ಹೆಲ್ಮೆಟ್, ಜಾಕೆಟ್ಟಿನ ಲೆಕ್ಕವನ್ನೂ ಸೇರಿಸಬೇಕು.

ದೊಡ್ಡ ಗಾಡಿ ಕೈಗೆ ಬಂದಿದೆಯೇ ಎಂದು ತಿಳಿಯಲು ಹೆದ್ದಾರಿಯಲ್ಲಿ ಅದನ್ನು ನೂರಿಪ್ಪತ್ತಕ್ಕೆ ಓಡಿಸಿ ನೋಡಬೇಕಾಗಿಲ್ಲ. ಆರು ತಿಂಗಳ ಮೇಲೆ ಅಪ್ಪನ ಹಳೇ ಸ್ಪ್ಲೆಂಡರ್ ಹತ್ತಿ ಸಂತೆಗೆ ಹೋಗಿಬನ್ನಿ. ಅದನ್ನು ಮೊದಲಿಗಿಂತ ಬೇಗ ಬ್ರೇಕು ಮುಟ್ಟಿ, ಕಮ್ಮಿ ಹಾರನ್ ಹೊಡೆದು, ಮುಂದಿನವರ ಮನಸ್ಸು ಮುಂಚೆಯೇ ಓದಿ ಓಡಿಸುತ್ತಿದ್ದರೆ ನೀವು ಏರಿದ್ದೀರಿ. ಅದು ಬರೀ ನಿಧಾನ, ಬರೀ ಬೇಜಾರು ಎನಿಸಿದರೆ ಏರಿದ್ದು ಗಾಡಿ ಮಾತ್ರ.