‘ಸಾಕು’ ಎಂಬ ಮಾತಿನ ತೂಕ

“ಇನ್ನ ಸಾಕು, ನನ್ನ ಎಲ್ಲಿಗೂ ಒಯ್ಯಬ್ಯಾಡ್ರಿ.” ತೇರದಾಳ, ಬನಹಟ್ಟಿ, ಜಮಖಂಡಿ ಕಡೆಯ ಮನೆಗಳಲ್ಲಿ ಮುತ್ಯಾನೋ ಆಯಿಯೋ ಹೀಗೆಂದಾಗ ಮಕ್ಕಳು ಅದನ್ನು ಎರಡು ಬಗೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಕೆಲವರಿಗೆ ಅದು ಬೇಸರದ ಮಾತು, ಕಿವಿಗೆ ಹಾಕಿಕೊಳ್ಳುವಂಥದ್ದಲ್ಲ. ಮಿರಜಕ್ಕೋ ಬೆಳಗಾವಿಗೋ ಗಾಡಿ ಹೊರಟೇ ಬಿಡುತ್ತದೆ. ಇನ್ನು ಕೆಲವರಿಗೆ ಅದು ಅಪ್ಪಣೆ. ಹಿರಿಯರೇ ಬೇಡವೆಂದ ಮೇಲೆ ನಮ್ಮದೇನು ಎಂದು ಕೈಬಿಡುತ್ತಾರೆ. ಈ ಎರಡರಲ್ಲೂ ಹಿರಿಯರ ಮಾತು ನಿಜವಾಗಿ ಕೇಳಿಸಿಕೊಂಡಂತಾಗಿಲ್ಲ ಎಂಬುದು ನನ್ನ ವಾದ. ಆ ‘ಸಾಕು’ ಎಷ್ಟೋ ಸಲ ಒಂದು ತೂಗುವಿಕೆಯ ಕೊನೆಯ ಮಾತಾಗಿರುತ್ತದೆ: ಒಂದು ತಟ್ಟೆಯಲ್ಲಿ ಇನ್ನಷ್ಟು ದಿನಗಳು, ಇನ್ನೊಂದರಲ್ಲಿ ಆ ದಿನಗಳಿಗೆ ತೆರಬೇಕಾದ ನೋವು, ಪರಾಧೀನತೆ, ಮಸುಕಾಗುವ ಅರಿವು. ತೂಗಿದ್ದು ಸರಿಯೇ ಎಂದು ನೋಡಲು ಒಂದು ಅಳತೆಗೋಲು ಬೇಕು. ಅದು ಈ ನೆಲದ ಧರ್ಮಚಿಂತನೆಯಲ್ಲೇ ಇದೆ.

ತೇರದಾಳದಲ್ಲಿ ನೇಮಿನಾಥನ ಬಸದಿಯಿದೆ. ಮಾಂಡಲಿಕ ಗೊಂಕ ಅದನ್ನು ಕಟ್ಟಿಸಿದ್ದನ್ನು 1123ರ ಹೊತ್ತಿನ ಶಾಸನ ಹೇಳುತ್ತದೆ. ಜೈನರು ಸಾವನ್ನು ಕುರಿತು ಆಲೋಚಿಸಿದಷ್ಟು ಬಿಗಿಯಾಗಿ ಆಲೋಚಿಸಿದವರು ಕಡಿಮೆ; ವ್ರತ ಹಿಡಿದು ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ಕನ್ನಡ ನಾಡಿನ ನಿಸಿದಿಗಲ್ಲುಗಳೇ ಅದಕ್ಕೆ ಸಾಕ್ಷಿ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನಕ್ಕೆ, ಅಂದರೆ ಆಹಾರವನ್ನು ಹಂತಹಂತವಾಗಿ ಬಿಟ್ಟು ದೇಹ ತೊರೆಯುವ ವ್ರತಕ್ಕೆ, ಅವಕಾಶ ಕೊಡುವುದು ಪರಿಹಾರವೇ ಇಲ್ಲದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗಗಳು ಬಂದಾಗ ಮಾತ್ರ. ಪರಿಹಾರ ಇರುವ ಕಡೆ ಅದನ್ನು ಬಿಡಲು ಅಲ್ಲಿ ಅನುಮತಿಯಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ‘ತತ್ತ್ವಾರ್ಥಸೂತ್ರ’ ಎಣಿಸುವ ದೋಷಗಳ ಸಾಲು. ಸಲ್ಲೇಖನ ಹಿಡಿದವನಿಗೆ ಬದುಕುವ ಆಸೆ ದೋಷ. ಸಾಯುವ ಆಸೆಯೂ ದೋಷ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದು ನನಗೆ ಬಹಳ ದೊಡ್ಡ ವಿವೇಕವೆನಿಸುತ್ತದೆ. ಆಸ್ಪತ್ರೆ ಬೇಡವೆನ್ನುವ ಪ್ರತಿ ವೃದ್ಧರೂ ಸಲ್ಲೇಖನ ಹಿಡಿದವರೆಂದು ನಾನು ಹೇಳುತ್ತಿಲ್ಲ. ಅದು ಗುರುವಿನ ಸಮ್ಮುಖದಲ್ಲಿ ಹಿಡಿಯುವ ವ್ರತ, ಇದು ಮನೆಯ ನಿರ್ಧಾರ. ಆದರೂ ಆ ಪರೀಕ್ಷೆ ಇಲ್ಲಿಗೂ ಸಲ್ಲುತ್ತದೆ. ‘ಸಾಕು’ ಎಂದವರು ಸಾವನ್ನು ಕರೆಯುತ್ತಿದ್ದಾರೆಯೋ, ಅಥವಾ ಬರುವುದನ್ನು ಬೆನ್ನಟ್ಟಿ ತಡೆಯುವ ಹಟವನ್ನು ಮಾತ್ರ ಬಿಡುತ್ತಿದ್ದಾರೆಯೋ? ಮೊದಲನೆಯದಾದರೆ ಅದು ಖಿನ್ನತೆಯಿರಬಹುದು, ತಡೆಯಲಾಗದ ನೋವಿರಬಹುದು, ಒಂಟಿತನವಿರಬಹುದು. ಅವಕ್ಕೆಲ್ಲ ಔಷಧವುಂಟು, ಆರೈಕೆಯುಂಟು, ಅದನ್ನು ಮೊದಲು ಕೊಡಬೇಕು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರವನ್ನು (ಸಲ್ಲೇಖನದ ಇನ್ನೊಂದು ಹೆಸರು) ಆತ್ಮಹತ್ಯೆಯೊಂದಿಗೆ ಸಮೀಕರಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಸಾಯುವ ಬಯಕೆಗೂ ಸಾವನ್ನು ಒಪ್ಪುವುದಕ್ಕೂ ಇರುವ ಅಂತರ ಎಷ್ಟು ತೆಳುವಾಗಿ ಕಾಣುತ್ತದೆ, ಎಷ್ಟು ದೊಡ್ಡದು ಎಂಬುದು ಆ ವಿವಾದದಲ್ಲೇ ಬಯಲಾಯಿತು.

ತೇರದಾಳದಲ್ಲೇ ಅಲ್ಲಮಪ್ರಭುವಿನ ಗುಡಿಯೂ ಇದೆ. ‘ಶೂನ್ಯಸಂಪಾದನೆ’ಯ ಗೋರಕ್ಷನ ಪ್ರಸಂಗವನ್ನು ಈ ಪ್ರಶ್ನೆಯೊಂದಿಗೆ ಇಟ್ಟು ಓದಬೇಕು. ಗೋರಕ್ಷ ಯೋಗದಿಂದ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡವನು. ಕತ್ತಿ ಬೀಸಿದರೆ ಖಣಿಲೆಂದು ಸದ್ದಾಗುತ್ತದೆ, ಮೈಗೆ ಗಾಯವಿಲ್ಲ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಹಾದುಹೋದಂತೆ ಹಾದುಹೋಗುತ್ತದೆ. ದೇಹ ಉಳಿಸಿಕೊಂಡದ್ದೇ ಸಿದ್ಧಿಯೆಂದು ಬಗೆದವನು ದೇಹದಲ್ಲೇ ಸಿಕ್ಕಿಕೊಂಡ ಎಂಬುದು ಕಥೆಯ ತಿರುಳು. ನಮ್ಮ ಕಾಲದ ಕಾಯಸಿದ್ಧಿ ಐಸಿಯುವಿನಲ್ಲಿ ನಡೆಯುತ್ತದೆ. ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ: ಶರಣರು ದೇಹವನ್ನೇ ದೇಗುಲವೆಂದವರು, ದೇಗುಲವನ್ನು ಬೀಳಲು ಬಿಡಬಹುದೇ? ಬಿಡಬಾರದು. ಗುಣವಾಗುವ ನ್ಯುಮೋನಿಯಾಕ್ಕೆ ಚಿಕಿತ್ಸೆ ಬಿಡುವುದು, ಕಣ್ಣಿನ ಪೊರೆ ತೆಗೆಸದೆ ಕುರುಡಾಗುವುದು, ವಯಸ್ಸಾಯಿತಲ್ಲ ಎಂದು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದು, ಇವೆಲ್ಲ ದೇಗುಲಕ್ಕೆ ಮಾಡುವ ದ್ರೋಹವೇ. ಆದರೆ ಗೋಡೆಯಷ್ಟೇ ನಿಂತು ಒಳಗೆ ದೀಪ ಹಚ್ಚುವವರೇ ಇಲ್ಲವಾದ ಮೇಲೆ ಗೋಡೆಗೆ ಆಸರೆ ಕೊಡುತ್ತಲೇ ಇರಬೇಕೆಂದು ಆ ಮಾತಿಗೆ ಅರ್ಥವಿಲ್ಲ.

ಹಿರಿಯರು ನಿಜಕ್ಕೂ ಹೀಗೆ ತೂಗುತ್ತಾರೆಯೇ? ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 60 ದಾಟಿದ, ಕ್ಯಾನ್ಸರ್, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಬಲಿತಿದ್ದ 226 ಜನರನ್ನು ಕೇಳಿದರು. ಹೆಚ್ಚು ಕಷ್ಟವಿಲ್ಲದ ಚಿಕಿತ್ಸೆಯಿಂದ ಈಗಿನ ಸ್ಥಿತಿಗೆ ಮರಳುತ್ತೀರಿ ಎಂದಾಗ 98.7% ಜನ ಒಪ್ಪಿದರು. ಅದೇ ಚಿಕಿತ್ಸೆಯಿಂದ ಜೀವ ಉಳಿಯುತ್ತದೆ, ಆದರೆ ಯಾವ ಕೆಲಸವೂ ಕೈಯಿಂದ ಆಗದ ಸ್ಥಿತಿ ಬರುತ್ತದೆ ಎಂದಾಗ 74.4% ಜನ ಬೇಡವೆಂದರು. ಬುದ್ಧಿಯ ಅರಿವೇ ತೀವ್ರವಾಗಿ ಕುಂದುತ್ತದೆ ಎಂದಾಗ 88.8% ಜನ. ಚಿಕಿತ್ಸೆ ಬದಲಾಗಲಿಲ್ಲ, ಫಲ ಬದಲಾಯಿತು. ಆ ಸಂಖ್ಯೆಗಳನ್ನು ಹಾಗೆಯೇ ಕೃಷ್ಣಾತೀರಕ್ಕೆ ತರಲಾಗದು. ಕೂಡುಕುಟುಂಬದ ಆಯಿಗೆ ಸೊಸೆಯ ಕೈಯಲ್ಲಿ ಉಣ್ಣುವುದು ಅವಮಾನವಲ್ಲ. ಗುಡಿಗೆ ನಡೆದು ಹೋಗಲಾಗದಿರುವುದು, ಮೊಮ್ಮಕ್ಕಳ ಗುರುತು ಸಿಗದಿರುವುದು ಅವಳಿಗೆ ದೊಡ್ಡ ನಷ್ಟವಾಗಿರಬಹುದು. ಆದರೂ ಪ್ರಶ್ನೆಯ ರೂಪ ಇಲ್ಲಿಗೂ ಹೊಂದುತ್ತದೆ. ‘ಆಪರೇಷನ್ ಮಾಡಿಸೋಣೇನು?’ ಎಂದು ಕೇಳಿದರೆ ಸಿಗುವುದು ಹೂಂ ಅಥವಾ ಊಹೂಂ; ‘ಯಾವುದು ಉಳೀಬೇಕು ನಿನಗ?’ ಎಂದು ಕೇಳಿದರೆ ಒಂದು ಬದುಕಿನ ಲೆಕ್ಕವೇ ಸಿಗುತ್ತದೆ.

ಬಲವಾದ ಆಕ್ಷೇಪ ಹಣದ್ದು. ಮಗ್ಗ ನಿಂತರೆ ಆ ದಿನದ ಗಳಿಕೆ ಇಲ್ಲ, ಕಬ್ಬಿನ ಬಿಲ್ಲು ಕೈಸೇರುವವರೆಗೆ ಸಾಲ. ಇಂಥ ಮನೆಯ ಮುದುಕನ ‘ಸಾಕು’ ವೈರಾಗ್ಯವೋ, ಮಗನ ಮೇಲಿನ ಕರುಣೆಯೋ? 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು 70 ದಾಟಿದ ಎಲ್ಲರಿಗೂ ಆದಾಯ ನೋಡದೆ ವಿಸ್ತರಿಸಿದರು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಆದರೆ ಅದು ಮುಖ್ಯವಾಗಿ ಒಳರೋಗಿಯ ಖರ್ಚು. ಜೊತೆಗೆ ಕೂತವರ ಕಳೆದ ಕೂಲಿ ಅದರಲ್ಲಿಲ್ಲ. ಆದ್ದರಿಂದ ಹಿರಿಯರನ್ನು ಎರಡು ಸಲ ಕೇಳಬೇಕು, ಎರಡನೆಯ ಸಲ ‘ರೊಕ್ಕದ ಚಿಂತಿ ಬಿಡು’ ಎಂದು ಹೇಳಿ. ಉತ್ತರ ಬದಲಾದರೆ ಅದು ಶಾಂತಿಯ ಮಾತಲ್ಲ, ಬಡತನದ ಮಾತು. ಅದಕ್ಕೆ ಅಧ್ಯಾತ್ಮದ ಬಟ್ಟೆ ತೊಡಿಸುವುದು ಪಾಪ. ಉತ್ತರ ಬದಲಾಗದಿದ್ದರೆ ಅದು ಅವರದೇ ನಿರ್ಧಾರ. ಮಕ್ಕಳ ಚಿಂತೆಯೂ ತಟ್ಟೆಯಲ್ಲಿ ಕೂತಿದ್ದರೆ ಕೂತಿರಲಿ, ಪ್ರೀತಿಯನ್ನು ತೂಕದಿಂದ ಹೊರಗಿಡಬೇಕೆಂದು ಯಾವ ಧರ್ಮವೂ ಹೇಳಿಲ್ಲ. ಮನಸ್ಸು ಮುಂದೆ ಬದಲಾಗಬಹುದಲ್ಲ ಎಂಬವರಿಗೆ ಉತ್ತರ ಸುಲಭ: ಮತ್ತೆ ಮತ್ತೆ ಕೇಳಿ.

ಇದೆಲ್ಲಕ್ಕೂ ಅಡ್ಡ ಬರುವುದು ನಮ್ಮದೇ ಒಂದು ರೂಢಿ. ‘ಅವರಿಗೆ ಹೇಳಬ್ಯಾಡ್ರಿ, ಎದಿ ಒಡಕೋತಾರ’ ಎಂದು ವೈದ್ಯರ ಬಾಯಿ ಕಟ್ಟುತ್ತೇವೆ. ಪ್ರೀತಿಯಿಂದಲೇ ಹೀಗೆ ಮಾಡುವುದಾದರೂ ತಕ್ಕಡಿಯನ್ನು ಅವರ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ‘ಶರಣರ ಗುಣ ಮರಣದಲ್ಲಿ ನೋಡು’ ಎಂಬ ಗಾದೆ ಇರುವ ನಾಡಿನಲ್ಲಿ, ಮರಣ ಹತ್ತಿರವಿದೆ ಎಂಬುದನ್ನೇ ಮುಚ್ಚಿಟ್ಟರೆ ಆ ಗುಣ ತೋರಲು ಅವರಿಗೆ ಎಡೆಯಾದರೂ ಎಲ್ಲಿ? ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಮಾನ್ಯತೆ ಕೊಟ್ಟು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಜಾರಿಯ ಆದೇಶವನ್ನೂ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಬೇಡವೆನಿಸಿದಾಗ ಹಿಂತೆಗೆದುಕೊಳ್ಳಲೂ ಬಹುದು. ಆದರೆ ಕಾಯಿಲೆಯ ಹೆಸರೇ ಗೊತ್ತಿಲ್ಲದವರು ಅದರಲ್ಲಿ ಏನು ಬರೆದಾರು? ಗಾಡಿ ಕರೆಸುವ ಮೊದಲು ಹಾಸಿಗೆಯ ಬದಿಗೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಮೇಲೆ ಅವರ ಉತ್ತರಕ್ಕೆ ಕಾಯಿರಿ.