ಬ್ಯಾಡ ಎನ್ನಲು ಮಾಲೆ ಬೇಕೆ?

ಮಾರ್ಗಶಿರದ ಅಮಾವಾಸ್ಯೆಯ ದಿನ ಉದ್ಗೀರ, ನಿಲಂಗಾ ಪೇಟೆಗಳಲ್ಲಿ ಒಂದು ಕಪ್ ಚಹಾ ಸಿಗುವುದೂ ಕಷ್ಟ. ಲಾತೂರು ಜಿಲ್ಲೆಯಲ್ಲಿ ಅಂದು ಸ್ಥಳೀಯ ರಜೆ. ಅಂಗಡಿಗಳ ಶಟರು ಎಳೆದು, ಬೆಳಗಿನ ಥಂಡಿ ಇಳಿಯುವ ಮೊದಲೇ ಊರಿಗೆ ಊರೇ ಹೊಲದ ದಾರಿ ಹಿಡಿದಿರುತ್ತದೆ. ಮರಾಠಿಯವರಿಗೆ ಇದು ವೇಳ ಅಮಾವಾಸ್ಯೆ, ಆಡುಮಾತಿನಲ್ಲಿ ಯೇಳವಸ. ಕನ್ನಡದ ಮನೆಗಳಲ್ಲಿ ಎಳ್ಳಮಾಸಿ. ಉಮರ್ಗಾದ ಕಡೆಯೂ ಇದೇ ಸಡಗರ.

ಎರಡು ಭಾಷೆಯವರು ಒಂದೇ ಹಬ್ಬ ಮಾಡುವುದಕ್ಕೆ ಕಾರಣ ಹುಡುಕಬೇಕಿಲ್ಲ. 1956ರವರೆಗೆ ಉದ್ಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಭಾಷಾವಾರು ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಬಂತು, ಇವು ಮುಂಬೈ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾದಾಗ ಅದರ ಪಾಲಾದವು. ಗಡಿಯ ಗೆರೆ ಎಲ್ಲಿ ಬಿದ್ದರೂ ಅಂಬಲಿಯ ಗಡಿಗೆ ಮಾತ್ರ ಎರಡೂ ಕಡೆ ಒಂದೇ ಥರ.

ಹೊಲದಲ್ಲಿ ಜೋಳದ ಕಣಿಕೆಯ ಪುಟ್ಟ ಗುಡಿಸಲು ಕಟ್ಟುತ್ತಾರೆ. ಒಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೈಮುಗಿಯುತ್ತಾರೆ. ಪೂಜೆಯಾಗಿ, ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಊಟ: ಹಸಿ ತೊಗರಿ, ಅವರೆ, ಬಟಾಣಿ, ಕಡಲೆಕಾಳುಗಳನ್ನು ಕಡಲೆಹಿಟ್ಟಿನಲ್ಲಿ ಕುದಿಸಿದ ಭಜ್ಜಿ, ಸಜ್ಜೆಯ ಉಂಡಿ, ರೊಟ್ಟಿ, ಖೀರು. ಇವೆಲ್ಲದರ ನಡುವೆ ಅಂಬಲಿ. ಜೋಳದ ಹಿಟ್ಟನ್ನು ತೆಳ್ಳಗೆ ಕುದಿಸಿ, ಆರಿಸಿ, ಹುಳಿ ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಸೇರಿಸಿ ಮಣ್ಣಿನ ಗಡಿಗೆಯಲ್ಲಿ ಇಟ್ಟಿರುತ್ತಾರೆ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ತರುತ್ತಾರೆ. ಅದರಲ್ಲಿರುವುದು ಹುಳಿ, ಅಮಲಲ್ಲ. ಆದರೂ ಭಜ್ಜಿಯ ಮೇಲೆ ಎರಡು ಚೆಂಬು ಇಳಿಸಿದವನು ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕಣ್ಣು ತೆರೆಯಲಾರ. ಅವನನ್ನು ನೋಡಿ ಮಕ್ಕಳು ನಗುವುದೂ ಹಬ್ಬದ ಒಂದು ಭಾಗ.

ಹೊಲ ಇಲ್ಲದವರನ್ನು ಕರೆಯದೆ ಬಿಡಬಾರದು ಎಂಬುದು ಈ ದಿನದ ರಿವಾಜು. ಬ್ಯಾಂಕಿಗೆ ವರ್ಗವಾಗಿ ಬಂದವರು, ಹೊಸ ಮಾಸ್ತರರು, ಬಾಡಿಗೆ ಮನೆಯವರು, ಜಾತಿ ಧರ್ಮ ಬೇರೆಯಾದ ಸ್ನೇಹಿತರು, ಎಲ್ಲರಿಗೂ ಕರೆ. ಒಬ್ಬೊಬ್ಬರಿಗೆ ಮೂರು ನಾಲ್ಕು ಹೊಲದಿಂದ ಕರೆ ಬರುತ್ತದೆ. ಹೋದ ಕಡೆಯೆಲ್ಲ ಒಂದು ವಾಟಗಾ ಅಂಬಲಿ ಕುಡಿಯಲೇಬೇಕು. "ಇನ್ನಾ ತಟಗ ತಗೋರಿ ಸರ್, ನಮ್ಮ ಗಡಿಗ್ಯಾಂದು ರುಚಿನೇ ನೋಡಿಲ್ಲಲ್ಲ" ಎಂದು ಅತ್ತೆಮ್ಮನೊಬ್ಬಳು ಸೌಟು ಬಗ್ಗಿಸಿದರೆ "ಸಾಕ್ರಿ" ಎಂಬ ಮಾತು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ವಾಟಗದ ಮೇಲೆ ಅಂಗೈ ಮುಚ್ಚುವ ಹೊತ್ತಿಗೆ ಬೆರಳಿನ ಮೇಲೆಯೇ ಅಂಬಲಿ ಹರಿದಿರುತ್ತದೆ. ಈ ಒತ್ತಾಯದಲ್ಲಿ ಕೇಡಿಲ್ಲ.

ತೊಡಕು ಬರುವುದು ಮುಂದಿನ ವಾರಗಳಲ್ಲಿ. ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತಿದ್ದಂತೆ ಸೀತನಿಯ ಕೂಟಗಳು ಶುರುವಾಗುತ್ತವೆ. ಮರಾಠಿಯಲ್ಲಿ ಹುರಡಾ ಪಾರ್ಟಿ. ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಯಿದ್ದಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬೆಲ್ಲ, ಬೆಳ್ಳುಳ್ಳಿ ಚಟ್ನಿ, ಮೊಸರಿನ ಜೊತೆ ತಿನ್ನುವ ಸುಖ. ಸಂಜೆಯಾದ ಮೇಲೆ ಕೆಲವು ಕೂಟಗಳಲ್ಲಿ ಬಾವಿಯ ಹಿಂದಿನಿಂದ ಬಾಟಲಿಗಳು ಹೊರಬರುತ್ತವೆ. ಅಮಾವಾಸ್ಯೆಯಂದು ಅಂಬಲಿಗಾಗಿ ಆಡಿದ ಮಾತೇ ಈಗ ಗ್ಲಾಸಿಗೂ ಒದಗುತ್ತದೆ: ನಮ್ಮ ಕೈಯಿಂದ ತಟಗ ತಗೊಳ್ಳಲ್ವಾ? ಹೊಸಬ ಸಿಕ್ಕಿಬೀಳುವುದು ಇಲ್ಲಿ. ಅನ್ನ ಇಟ್ಟವರ ಮನಸ್ಸು ನೋಯಿಸುವುದು ತಪ್ಪೋ, ತನ್ನ ಮನಸ್ಸಿಗೆ ಒಪ್ಪದ್ದನ್ನು ಗಂಟಲಿಗಿಳಿಸುವುದು ತಪ್ಪೋ?

ಈ ಪ್ರಶ್ನೆ ಹಳೆಯದು. ಬೌದ್ಧರ ವಿನಯಪಿಟಕದಲ್ಲಿ ಭಿಕ್ಷುಗಳಿಗೆ ಮದ್ಯ ನಿಷೇಧವಾದದ್ದಕ್ಕೆ ಒಂದು ಕಥೆಯಿದೆ. ಸಾಗತನೆಂಬ ಭಿಕ್ಷು ಕ್ರೂರ ನಾಗವೊಂದನ್ನು ಪಳಗಿಸಿದ. ಕೌಶಾಂಬಿಯ ಜನರಿಗೆ ಆನಂದವಾಗಿ, ಅವನಿಗೆ ಅಪರೂಪವಾದದ್ದೇನಾದರೂ ಕೊಡಬೇಕೆಂದುಕೊಂಡರು. ಯಾರೋ ಒಳ್ಳೆಯ ಮದ್ಯದ ಹೆಸರು ಹೇಳಿದರು. ಮನೆಮನೆಯಲ್ಲೂ ಸಿದ್ಧಮಾಡಿ ಇಟ್ಟರು, ಸಾಗತ ಮನೆಮನೆಯಲ್ಲೂ ಕುಡಿದ, ಊರ ಬಾಗಿಲಲ್ಲಿ ಬಿದ್ದ. ಇತರ ಭಿಕ್ಷುಗಳು ಎತ್ತಿ ತಂದು ಮಲಗಿಸಿದರೆ ಹೊರಳಾಡಿ ಬುದ್ಧನ ಕಡೆಗೇ ಕಾಲು ಚಾಚಿದ. ನಾಗವನ್ನು ಪಳಗಿಸಿದವನು ಈಗ ಒಂದು ನೀರುಹಾವನ್ನಾದರೂ ಪಳಗಿಸಬಲ್ಲನೇ ಎಂದು ಬುದ್ಧ ಕೇಳಿದನೆಂದು ಕಥೆ. ಇಲ್ಲಿ ಯಾರೂ ದುಷ್ಟರಲ್ಲ ಎಂಬುದನ್ನು ಗಮನಿಸಬೇಕು. ಕೊಟ್ಟವರದು ಭಕ್ತಿ, ಕುಡಿದವನದು ದಾಕ್ಷಿಣ್ಯ. ಬುದ್ಧ ಭಕ್ತರನ್ನು ಬೈಯಲಿಲ್ಲ. ಭಿಕ್ಷುವಿಗೆ ಒಂದು ನಿಯಮ ಕೊಟ್ಟ. ಇನ್ನು ಮುಂದೆ ಭಿಕ್ಷು "ಬೇಡ" ಎಂದರೆ ಆ ಮಾತು ಅವನದಲ್ಲ, ಸಂಘದ್ದು. ಕೊಡುವವನಿಗೂ ನೋವಿಲ್ಲ.

ಮರಾಠವಾಡದ ಗಡಿಯಲ್ಲಿ ಈ ಉಪಾಯ ಇಂದಿಗೂ ನಡೆಯುತ್ತದೆ, ಒಂದಲ್ಲ ನಾಲ್ಕು ರೂಪದಲ್ಲಿ. ಕೊರಳಲ್ಲಿ ತುಳಸಿಮಾಲೆ ಹಾಕಿದ ವಾರಕರಿಯ ಮುಂದೆ ಯಾರೂ ಗ್ಲಾಸು ಇಡುವುದಿಲ್ಲ. "ಅವ್ರು ಮಾಳಕರಿ ಅದಾರ" ಎಂದರೆ ಮಾತು ಮುಗಿಯಿತು. ಮುಸ್ಲಿಂ ಸ್ನೇಹಿತನಿಗೂ ಹೆಚ್ಚು ವಿವರಣೆ ಬೇಕಾಗುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧಮ್ಮ ಸ್ವೀಕರಿಸಿ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಎಂಬುದೂ ಒಂದು. ಈ ಭಾಗದ ಬೌದ್ಧ ಮನೆಗಳಲ್ಲಿ ಅದನ್ನು ಬಲ್ಲವರು ಬಹಳ. ಇನ್ನು ಅಯ್ಯಪ್ಪನ ಮಾಲೆಯವರು. 41 ದಿನ ಅವರನ್ನು "ಸ್ವಾಮಿ" ಎಂದೇ ಕರೆಯುತ್ತಾರೆ, ಬಾಟಲಿ ಇದ್ದ ಕಡೆ ಅವರನ್ನು ಕೂರಿಸುವುದೂ ಇಲ್ಲ. ಮಾಲೆ ಕಳಚಿದ ಮರುದಿನ ಅದೇ ಗೆಳೆಯರು ಅದೇ ಮನುಷ್ಯನಿಗೆ "ಈಗೇನ್ ಅಡ್ಡಿ ಇಲ್ಲಲ್ಲೋ" ಎಂದು ಸುರಿದುಕೊಡುತ್ತಾರೆ. 41 ದಿನ ಗೌರವ ಪಡೆದದ್ದು ಆ ಮನುಷ್ಯನ ಇಚ್ಛೆಯೋ, ಕೊರಳಿನ ಮಣಿಯೋ?

ಮಾಲೆಯನ್ನು ಹಗುರ ಮಾಡುವ ಮಾತಲ್ಲ ಇದು. ಎಷ್ಟೋ ಮನೆಯ ಹೆಂಗಸರು ಆ 41 ದಿನಗಳಿಗಾಗಿ ವರ್ಷವಿಡೀ ಕಾಯುತ್ತಾರೆ. ಆದರೆ ಮಾಲೆಯಿಲ್ಲದವನ ಪಾಡೇನು? ದೇವರ ಹೆಸರು, ಡಾಕ್ಟರ ಚೀಟಿ ಎರಡೂ ಇಲ್ಲದೆ ಬರೇ "ನನಗ ಬ್ಯಾಡ" ಎನ್ನುವವನು ಕೂಟದ ಕಣ್ಣಿಗೆ ಸೊಕ್ಕಿನವನಾಗಿ ಕಾಣುತ್ತಾನೆ. ಕೊನೆಗೆ ಅವನು ಸುಳ್ಳು ಹೇಳುತ್ತಾನೆ: ಗುಳಿಗಿ ನಡೆದಾವ, ಶ್ರಾವಣ ಹಿಡಿದೀನಿ, ಸೋಮವಾರ ಅದ. ದೇವರನ್ನು ನಂಬದವನೂ ದೇವರ ಮರೆಗೆ ನಿಲ್ಲಬೇಕಾಗುತ್ತದೆ.

ಇದಕ್ಕೊಂದು ಕರಾಳ ಮಗ್ಗುಲೂ ಇದೆ. ವ್ರತದ ನೆಪ ಹೇಳಿ ಕೈ ಹಿಂದೆಳೆದುಕೊಳ್ಳುವುದನ್ನು ನಮ್ಮ ಸಮಾಜ ಜಾತಿಗಾಗಿ ಎಷ್ಟು ಬಳಸಿಲ್ಲ! ದಲಿತರ ಮನೆಗೆ ಬಂದ ದೊಡ್ಡವರು "ಇವತ್ತ ಉಪಾಸ ಅದ" ಎಂದು ನೀರನ್ನೂ ಮುಟ್ಟದೆ ಎದ್ದುಹೋದದ್ದನ್ನು ಕಂಡವರು ಇನ್ನೂ ಇದ್ದಾರೆ. ಎಳ್ಳಮಾಸಿಯ ಹೊಲದಲ್ಲೂ ಒಂದು ಕಾಲಕ್ಕೆ ಕೂಲಿಯವರಿಗೆ ಅಂಬಲಿ ಸಿಗುತ್ತಿದ್ದದ್ದು ದೂರದಲ್ಲಿ, ಮೇಲಿನಿಂದ ಹೊಯ್ದು. ಅಂಥ ನೆಲದಲ್ಲಿ "ನನಗ ಬ್ಯಾಡ" ಎಂಬ ಮಾತು ಕೇಳಿದ ಕೂಡಲೇ ಕೆಲವರ ಮನಸ್ಸು ಮುದುಡಿದರೆ ಅದು ಅತಿರೇಕವಲ್ಲ. ಅವರ ಅಜ್ಜಂದಿರು ಅದನ್ನು ಬೇರೆ ಅರ್ಥದಲ್ಲಿ ಕೇಳಿದ್ದಾರೆ.

ಹಾಗಾದರೆ ನೆಪ ಯಾವುದು, ನಿಜ ಯಾವುದು? ಒರೆ ಹಚ್ಚುವುದು ಕಷ್ಟವಲ್ಲ. ಗ್ಲಾಸು ಬೇಡವೆಂದವನು ಅದೇ ಕೈ ಕೊಟ್ಟ ನೀರು ಕುಡಿಯುತ್ತಾನೆಯೇ, ಅದೇ ಅಂಗೈ ತಿಕ್ಕಿಕೊಟ್ಟ ಸೀತನಿ ತಿನ್ನುತ್ತಾನೆಯೇ, ಪಕ್ಕದಲ್ಲಿ ಕೂರುತ್ತಾನೆಯೇ ಎಂದು ನೋಡಿದರಾಯಿತು. ಅವನು ಬಿಟ್ಟದ್ದು ಮದ್ಯವನ್ನೇ ಆದರೆ ಮನುಷ್ಯರನ್ನು ಬಿಟ್ಟಂತಲ್ಲ. ಹೊಸಬರಿಗೆ ಗಡಿಯ ಹಿರಿಯರು ಹೇಳುವ ಬುದ್ಧಿಯೂ ಇದೇ: ಖಾಲಿ ಕೈಯಲ್ಲಿ ಕೂರಬೇಡಿ, ಮಜ್ಜಿಗೆಯದೋ ಚಹಾದ್ದೋ ಒಂದು ಲೋಟ ಹಿಡಿದುಕೊಂಡಿರಿ, ಉಪದೇಶ ಮಾಡಬೇಡಿ, ಪಕ್ಕದವನ ಗ್ಲಾಸು ಎಣಿಸಬೇಡಿ.

ಆದರೆ ಭಾರವೆಲ್ಲ ಹೊಸಬನ ಮೇಲೆಯೇ ಏಕೆ? ಪ್ಲೇಟೋನ 'ಸಿಂಪೋಸಿಯಂ' ಹೆಸರಿಗೆ ಕುಡಿತದ ಕೂಟ. ಅಲ್ಲಿ ಹಿಂದಿನ ದಿನದ ಅಮಲು ಇನ್ನೂ ಇಳಿಯದ ಅತಿಥಿಗಳು ಮಾತು ಶುರುವಾಗುವ ಮೊದಲು ಒಂದು ಒಪ್ಪಂದಕ್ಕೆ ಬರುತ್ತಾರೆ: ಇಂದು ಬಲವಂತವಿಲ್ಲ, ಅವರವರಿಗೆ ಬೇಕಾದಷ್ಟೇ. ಪ್ರೇಮವೆಂದರೇನು ಎಂಬ ಚರ್ಚೆ ಸಾಧ್ಯವಾದದ್ದು ಆ ಒಪ್ಪಂದದ ನೆರಳಿನಲ್ಲಿ. ಕೊನೆಗೆ ಆಲ್ಕಿಬಿಯಾಡಿಸ್ ತಡವಾಗಿ, ತೂರಾಡುತ್ತಾ ಬಂದು ತನ್ನನ್ನೇ ಕೂಟದ ಯಜಮಾನನೆಂದು ನೇಮಿಸಿಕೊಂಡು ಎಲ್ಲರಿಗೂ ಕುಡಿಸಲು ಹೊರಡುತ್ತಾನೆ. ಅಂಥವನೊಬ್ಬ ಉದ್ಗೀರದ ಹೊಲದಲ್ಲೂ ಇರುತ್ತಾನೆ, ಸಾಮಾನ್ಯವಾಗಿ ಬುಲೆಟ್ ಗಾಡಿಯ ಮೇಲೆ ಬರುತ್ತಾನೆ. ಅಥೆನ್ಸಿನ ಆ ಕೂಟದ ಜಾಣತನವೆಂದರೆ ನಿಯಮವನ್ನು ಬೇಡವೆನ್ನುವವನ ಕೊರಳಿಗೆ ಕಟ್ಟದೆ ಕೂಟವೇ ಹೊತ್ತುಕೊಂಡದ್ದು.

ಉಮರ್ಗಾದಿಂದ ದೂರವಿಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಇನ್ನೊಂದು ಕೂಟವಿತ್ತು. ಆ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನಿದ್ದ; ಹೆಂಡ ಮಾರುವ ಕಾಯಕದವನು, 'ಧರ್ಮೇಶ್ವರಲಿಂಗ' ಎಂಬ ಅಂಕಿತದಲ್ಲಿ ವಚನ ಬರೆದವನು. ಹೆಂಡವನ್ನೇ ರೂಪಕ ಮಾಡಿ ಮನುಷ್ಯನ ಬೇರೆ ಬೇರೆ ಮದಗಳನ್ನು ಕುರಿತು ಮಾತಾಡಿದವನು. ಹೆಸರಿನ ಮುಂದಿನ 'ಹೆಂಡ'ವನ್ನು ಅಳಿಸಿ ಅವನನ್ನು ಶುದ್ಧ ಮಾಡಬೇಕೆಂದು ಯಾರಿಗೂ ಅನಿಸಲಿಲ್ಲ. ಕುಡಿತವನ್ನು ಒಪ್ಪದೆಯೂ ಮನುಷ್ಯನನ್ನು ಹತ್ತಿರ ಕೂರಿಸಿಕೊಳ್ಳಬಹುದೆಂಬುದಕ್ಕೆ ಈ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅದೇ ಪರಂಪರೆಯ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತತೊಡಗಿದರು. ಅವರು ಬೇಡಿದ್ದು ಹಣವಲ್ಲ, ಕಾಳಲ್ಲ, ಜನರ ಚಟಗಳನ್ನು. ಕುಡಿತವನ್ನು ಜೋಳಿಗೆಗೆ ಹಾಕಿ ಎಂದು ಸ್ವಾಮಿಗಳೇ ಬಾಗಿಲಿಗೆ ಬಂದು ಕೈಚಾಚಿದರೆ, ಬಿಡುವವನು ಅಪರಾಧಿಯಂತೆ ತಲೆತಗ್ಗಿಸಬೇಕಿಲ್ಲ, ದಾನಿಯಂತೆ ಕೊಡಬಹುದು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನ.

ಕಾನೂನಿನ ಮಾತು ಬೇರೆ, ಚಿಕ್ಕದು. ಮಹಾರಾಷ್ಟ್ರದಲ್ಲಿ 1949ರ ಮದ್ಯ ನಿಷೇಧ ಕಾಯ್ದೆ ಇನ್ನೂ ಜೀವಂತ: ಕುಡಿಯಲು ಪರವಾನಗಿ ಬೇಕು, ಬಿಯರಿಗೆ 21 ವರ್ಷ, ಗಟ್ಟಿ ಮದ್ಯಕ್ಕೆ 25 ತುಂಬಿರಬೇಕು. ಸೀತನಿಯ ಕುಣಿಯ ಸುತ್ತ ಕೂತವರಲ್ಲಿ ಎಷ್ಟು ಮಂದಿಯ ಕಿಸೆಯಲ್ಲಿ ಆ ಚೀಟಿ ಇರುತ್ತದೋ! ಅದಕ್ಕಿಂತ ಜನರಿಗೆ ಗೊತ್ತಿರುವುದು "ಆಡವಿ ಬಾಟಲಿ". ಊರಿನ ಮಹಿಳಾ ಮತದಾರರಲ್ಲಿ ಕಾಲು ಭಾಗ ಮದ್ಯದಂಗಡಿ ಬೇಡವೆಂದು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡೇ ಚಿತ್ರ, ನಿಂತ ಬಾಟಲಿ ಮತ್ತು ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಮಲಗಿದ್ದಕ್ಕೆ ಒತ್ತಿದರೆ ಅಂಗಡಿ ಮುಚ್ಚಬೇಕು. ಅಲ್ಲಿ ಯಾರೂ ಮಾಲೆ ತೋರಿಸಬೇಕಿಲ್ಲ, ಕಾರಣವನ್ನೂ ಹೇಳಬೇಕಿಲ್ಲ.

ಹೆಂಗಸರ ಮಾತು ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಎಳ್ಳಮಾಸಿಯ ಕೂಟದಲ್ಲಿ ಸೌಟು ಅವರ ಕೈಯಲ್ಲಿರುತ್ತದೆ. ಬಾಟಲಿಯ ಕೂಟದಲ್ಲಿ ಅವರೇ ಇರುವುದಿಲ್ಲ. ಹಾಗಾಗಿ ಹೊಸಬನಿಗೆ ಕರೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. "ಮನಿಯವ್ರನ್ನೂ ಹುಡುಗ್ರನ್ನೂ ಕರ್ಕೊಂಡ ಬರ್ರಿ, ಊಟಕ್ಕ ಅಲ್ಲೇ" ಎಂದರೆ ಯೋಚನೆಯಿಲ್ಲದೆ ಹೋಗಬಹುದು. "ನೀವೊಬ್ರೇ ಬರ್ರಿ, ಸಂಜಿ ಮುಂದ" ಎಂದರೂ ಹೋಗಬಹುದು, ಕರೆದದ್ದು ಪ್ರೀತಿಯಿಂದಲೇ. ಆಗ ತುಸು ಬೇಗನೆ ಹೋಗಿ, ತೆನೆ ಸುಡಲು ಕೈಗೂಡಿಸಿ, ಹೊಟ್ಟೆ ತುಂಬ ಸೀತನಿ ತಿಂದು, ದೀಪ ಹಚ್ಚುವ ಹೊತ್ತಿಗೆ "ಬರ್ತೀನ್ರಿ ಕಾಕಾ" ಎಂದು ಯಜಮಾನನಿಗೆ ಹೇಳಿ ಹೊರಟರೆ ಈ ಕಡೆ ಯಾರೂ ಅದನ್ನು ಅವಮಾನವೆಂದು ಬಗೆಯುವುದಿಲ್ಲ.